ಹಾರ್ಡ್ ಡಿಸ್ಕ್ ಲೊಚಗುಟ್ಟಿದರೆ ಏನು ಫಲ?

ಪಂಚಾಂಗದ ಕೊನೆಯ ಪುಟಗಳಲ್ಲಿ ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಅಂತ ಒಂದು ಪಟ್ಟಿ ಇರುತ್ತದೆ, ನೋಡಿರುತ್ತೀರಿ. ತಲೆ ಮೇಲೆ ಬಿದ್ದರೆ ಒಂದು ಫಲ, ಭುಜದ ಮೇಲೆ ಬಿದ್ದರೆ ಇನ್ನೊಂದು. ಮಾತಾಡುತ್ತಿರುವಾಗ ಹಲ್ಲಿ ಲೊಚಗುಟ್ಟಿದರಂತೂ ಆಡಿದ ಮಾತು ಸತ್ಯ ಅಂತಲೇ ಲೆಕ್ಕ. ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಕಂಪ್ಯೂಟರ್ ಡಬ್ಬಿಯೊಳಗಿಂದ ಲೊಚಗುಟ್ಟಿದ ಸದ್ದು ಬಂದರೆ ಮಾತ್ರ ನಾನು ಪಕ್ಕಾ ಶಕುನದ ಮನುಷ್ಯ. ಫಲ: ಹತ್ತು ವರ್ಷದ ಫೋಟೋ, ಕಾಗದಪತ್ರ, ಬರಹ ಎಲ್ಲ ಕೈಬಿಟ್ಟು ಹೋಗುವ ಯೋಗ. ಪರಿಹಾರ: ಇದೆ, ಆದರೆ ತಡ ಮಾಡುವಂತಿಲ್ಲ :)

ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಎಸ್‌ಎಸ್‌ಡಿ ಇರುತ್ತದೆ, ತಿರುಗುವ ಡಿಸ್ಕೇ ಇರುವುದಿಲ್ಲ, ನಿಜ. ಆದರೆ ಊರಿನ ಮನೆಯ ಹಳೇ ಡೆಸ್ಕ್‌ಟಾಪು, ಬೀರುವಿನಲ್ಲಿ ಸೀರೆ ಮಡಿಕೆಯ ನಡುವೆ ಇಟ್ಟ ಎಕ್ಸ್‌ಟರ್ನಲ್ ಡಿಸ್ಕು, ಮದುವೆ ವಿಡಿಯೋದವರು ಕೊಟ್ಟುಹೋದ ಡಿಸ್ಕು... ಇವುಗಳ ಹೊಟ್ಟೆಯಲ್ಲಿ ಇರುವುದು ಅದೇ ತಿರುಗುವ ತಟ್ಟೆ. ನಮ್ಮ ನೆನಪುಗಳೆಲ್ಲ ಇರುವುದೂ ಅಲ್ಲೇ. ಹಾಗಾಗಿ ಈ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯೋಣ ಅನ್ನಿಸಿತು.

ಮೊದಲು, ಆ ಡಬ್ಬಿಯೊಳಗೆ ಏನು ನಡೆಯುತ್ತದೆ ಅಂತ ನೋಡೋಣ. ಮೊಟ್ಟಮೊದಲ ಹಾರ್ಡ್ ಡಿಸ್ಕು ಬಂದಿದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಎಂಬ ಯಂತ್ರದ ಜೊತೆ. 24 ಇಂಚು ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಹೆಚ್ಚು ತೂಕ, ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಕ್ಕೆ ಅದು ಭರ್ತಿಯಾಗುತ್ತಿತ್ತು. ಈಗಿನ ಡಿಸ್ಕು ಅಂಗೈಯಲ್ಲಿ ಕೂರುತ್ತದೆ, ಆದರೆ ಉಪಾಯ ಅದೇ. ತಿರುಗುವ ತಟ್ಟೆ, ಅದರ ಮೇಲೆ ಆಚೆಈಚೆ ಓಡಾಡುವ ತೋಳು, ತೋಳಿನ ತುದಿಯಲ್ಲಿ ಓದುವ-ಬರೆಯುವ ಹೆಡ್ಡು. ಡೆಸ್ಕ್‌ಟಾಪಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 120. ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹೆಡ್ಡು ಅದನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಕೂದಲಿನ ದಪ್ಪವೇ 50 ಸಾವಿರ ನ್ಯಾನೋಮೀಟರಿಗೂ ಹೆಚ್ಚು! ಇಂಥ ಸಾಹಸ ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆಯುತ್ತದಲ್ಲ, ಅದೇ ಆಶ್ಚರ್ಯ.

ತಟ್ಟೆಯ ಮೇಲೆ ನಮ್ಮ ಫೈಲುಗಳ ಜೊತೆಗೆ ಹೆಡ್ಡಿಗೆ ದಾರಿ ತೋರಿಸುವ ಗುರುತುಗಳೂ ಇರುತ್ತವೆ. ಹೆಡ್ಡು ಹಾಳಾಗಿಯೋ ತಟ್ಟೆ ಗೀಚಿಯೋ ಆ ಗುರುತು ಸಿಗದಿದ್ದರೆ, ತೋಳು ಹಿಂದಕ್ಕೆ ಹೋಗಿ ಮತ್ತೆ ಮೊದಲಿಂದ ಹುಡುಕುತ್ತದೆ. ಸಿಗಲಿಲ್ಲ, ಮತ್ತೆ ಹಿಂದಕ್ಕೆ. ಕಟ್... ಕಟ್... ಕಟ್... ದಾರಿ ತಪ್ಪಿದವರು ಅದೇ ಕವಲಿಗೆ ಮತ್ತೆ ಮತ್ತೆ ಬಂದು ನಿಲ್ಲುವ ಹಾಗೆ.

ನನ್ನ ಅಪ್ಪ ಈ ಸದ್ದನ್ನು ಫೋನಿನಲ್ಲಿ ವರ್ಣಿಸಿದ್ದು 2024ರ ಜುಲೈನಲ್ಲಿ. "ನಿನ್ನೆಯಿಂದ ಕಂಪ್ಯೂಟರು ಕಟ್ ಕಟ್ ಹೇಳ್ತಾ ಇದ್ದು ಮಾಣಿ. ಹಲ್ಲಿ ಲೊಚಗುಟ್ಟಿದ ಹಂಗೆ." ಪೋಸ್ಟಿನ ತಲೆಬರಹ ಅವರದ್ದೇ ಅನ್ನಬಹುದು.

ಅಪ್ಪ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿರುವ ನಿವೃತ್ತ ಹೈಸ್ಕೂಲು ಮೇಷ್ಟ್ರು. ನಾನು ಪಿಯುಸಿಗೆ ಸೇರಿದ ವರ್ಷ, 2013ರಲ್ಲಿ, ಮನೆಗೆ ಡೆಸ್ಕ್‌ಟಾಪ್ ಬಂತು. ಬಂದದ್ದು ನನಗೋಸ್ಕರ, ಹಿಡಿದುಕೊಂಡಿದ್ದು ಅಪ್ಪ. ನುಡಿ ತಂತ್ರಾಂಶದಲ್ಲಿ ಎರಡು ಬೆರಳಿನಲ್ಲಿ ಟೈಪ್ ಮಾಡುವುದು ಕಲಿತು, ಅಡಿಕೆ ತೋಟದ ಶಬ್ದಗಳ ಒಂದು ಪಟ್ಟಿ ಶುರು ಮಾಡಿದರು. ಹಿಂಗಾರ, ಕೊಟ್ಟೆ, ಚೊಗರು, ಗೊರಬಲು ಇಂಥವು. ಪ್ರತಿ ಶಬ್ದಕ್ಕೂ ಅರ್ಥ, ಯಾರ ಬಾಯಲ್ಲಿ ಕೇಳಿದ್ದು, ಯಾವ ಸಂದರ್ಭದಲ್ಲಿ ಬಂತು ಎಲ್ಲ ಇರುತ್ತಿತ್ತು. 'ಅ'ಗೆ ಒಂದು ಫೈಲು, 'ಆ'ಗೆ ಒಂದು ಫೈಲು, ಹೀಗೆ. ಹನ್ನೊಂದು ವರ್ಷದ ಕೆಲಸ. ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟಿದ್ದರು, ಆದರೆ ಅದು 2021ರದ್ದು. ಆಮೇಲಿನ ಮೂರು ವರ್ಷದಲ್ಲಿ ಸೇರಿಸಿದ್ದರಲ್ಲಿ ಬಹುಪಾಲು ಊರಿನ ಹಳೇ ಕೊನೆಗಾರರೊಬ್ಬರು ಹೇಳಿದ್ದು. ಮರ ಹತ್ತುವವರ ಹಗ್ಗ, ಗಂಟು, ಕತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿಯುವ ರೀತಿ, ಎಲ್ಲಕ್ಕೂ ಅವರ ಹತ್ತಿರ ಹೆಸರಿತ್ತು. ಅವರು 2023ರಲ್ಲಿ ತೀರಿಕೊಂಡಿದ್ದರು. ಮತ್ತೆ ಹೋಗಿ ಕೇಳುತ್ತೇನೆ ಅಂದರೆ ಜನವೇ ಇಲ್ಲ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು "ವಿಂಡೋಸ್ ಹಾಳಾಗಿದೆ ಸಾರ್, ಒಂದು ಫಾರ್ಮ್ಯಾಟ್ ಹೊಡೆದರೆ ಸರಿಯಾಗುತ್ತೆ, ಸಂಜೆ ತನ್ನಿ" ಅಂದಿದ್ದರಂತೆ. ನಾನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅಪ್ಪಾ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಶನಿವಾರ ಬೆಳಗ್ಗೆ ನಾನೇ ಬರ್ತೀನಿ, ಅಲ್ಲೀವರೆಗೆ ಮುಟ್ಟಬೇಡಿ." ಅಪ್ಪನಿಗೆ ಸಮಾಧಾನವಾಗಲಿಲ್ಲ. "ಎಂತ ಆಯ್ದು ಹೇಳಿ ನೋಡದೆಯಾ?" ಅಂದರು. ಅದೇ ಮುಖ್ಯ ವಿಷಯ, ನೋಡಬಾರದು! ಸಾಯುತ್ತಿರುವ ಡಿಸ್ಕಿನಲ್ಲಿ ನೋಡುವುದೂ ಒಂದು ಖರ್ಚು. ಇನ್ನು ಎಷ್ಟು ಸಲ ಓದಿಸಿಕೊಳ್ಳುವ ಶಕ್ತಿ ಅದಕ್ಕಿದೆಯೋ ಯಾರಿಗೂ ಗೊತ್ತಿಲ್ಲ. ಇರುವಷ್ಟನ್ನು ನಕಲು ಮಾಡುವುದಕ್ಕೇ ಇಟ್ಟುಕೊಳ್ಳಬೇಕು. ಏನು ರೋಗ ಅಂತ ಪತ್ತೆ ಮಾಡುವುದೆಲ್ಲ ಆಮೇಲೆ.

ಹಾಗಾದರೆ ಲಕ್ಷಣಗಳೇನು? ಸದ್ದು ಬಂದರೆ ಗುರುತಿಸುವುದು ಸುಲಭ. ಆದರೆ ಸದ್ದಿಗಿಂತ ಮುಂಚೆ ಬರುವ ಲಕ್ಷಣಗಳು ಬೇರೆ ಇವೆ. ಕಂಪ್ಯೂಟರ್ ಶುರುವಾಗಲು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುವುದು, ಒಂದು ನಿರ್ದಿಷ್ಟ ಫೋಲ್ಡರ್ ತೆರೆದಾಗ ಮಾತ್ರ ಎಲ್ಲ ಕಲ್ಲಾಗಿ ನಿಲ್ಲುವುದು, ನಿನ್ನೆ ತೆರೆದ ಫೈಲು ಇವತ್ತು ತೆರೆಯದಿರುವುದು, ಫೋಟೋದ ಅರ್ಧ ಭಾಗ ಬೂದು ಬಣ್ಣ ಬರುವುದು, ಡಿಸ್ಕು ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವುದು. ಇವನ್ನೆಲ್ಲ ನಾವು 'ವೈರಸ್ಸು' ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ.

ಇವಲ್ಲದೆ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ವಿಂಡೋಸಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್, ಎರಡೂ ಪುಕ್ಕಟೆ. ಅದರಲ್ಲಿ ಉದ್ದ ಪಟ್ಟಿ ಬರುತ್ತದೆ, ಹೆದರಬೇಡಿ. ಮೂರು ಸಾಲು ನೋಡಿದರೆ ಸಾಕು. ಸಂಖ್ಯೆ 5: ಕೆಟ್ಟುಹೋಗಿವೆ ಅಂತ ನಿವೃತ್ತಿ ಕೊಟ್ಟು, ಅವುಗಳ ಬದಲಿಗೆ ಮೀಸಲಿನಿಂದ ಬೇರೆ ಸೆಕ್ಟರುಗಳನ್ನು ಕೂರಿಸಿದ ಲೆಕ್ಕ. ಸಂಖ್ಯೆ 197: ಓದಲು ಆಗದೆ, ಮುಂದೇನು ಅಂತ ತೀರ್ಮಾನವಾಗದೆ ಕಾಯುತ್ತಿರುವ ಸೆಕ್ಟರುಗಳು. ಸಂಖ್ಯೆ 198: ಡಿಸ್ಕು ತಾನಾಗಿಯೇ ಪರೀಕ್ಷೆ ಮಾಡಿಕೊಂಡಾಗಲೂ ಓದಲು ಆಗದವು. ಈ ಮೂರರ ಮೂಲ ಸಂಖ್ಯೆ, ಅಂದರೆ 'ರಾ' ಅಂತ ಬರೆದಿರುವ ಕಾಲಮ್ಮು, ಸೊನ್ನೆ ಇದ್ದರೆ ಒಳ್ಳೆಯದು. ಸೊನ್ನೆ ಇಲ್ಲದಿದ್ದರೆ, ಅದರಲ್ಲೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಹೊರಡುವ ಗಂಟೆ ಹೊಡೆದಿದೆ. (ಒಂದು ಸಣ್ಣ ಸೂಚನೆ: ಕ್ರಿಸ್ಟಲ್ ಡಿಸ್ಕ್ ಇನ್ಫೋ ಆ ಕಾಲಮ್ಮನ್ನು ಮೊದಲಿಗೆ ಹೆಕ್ಸಾಡೆಸಿಮಲ್ಲಿನಲ್ಲಿ ತೋರಿಸುತ್ತದೆ. ಅಲ್ಲಿ 10 ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ 16.)

ಇದನ್ನು ಎಷ್ಟು ನಂಬಬಹುದು? ಗೂಗಲ್‌ನ ಮೂವರು ಎಂಜಿನಿಯರುಗಳು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಜಾತಕ ನೋಡಿ ಒಂದು ಪ್ರಬಂಧ ಬರೆದರು. ಅದರ ಪ್ರಕಾರ, ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಸಾಯುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅಬ್ಬಾ, ಇಷ್ಟು ಒಳ್ಳೆಯ ಶಕುನ ಇರುವಾಗ ಚಿಂತೆ ಏನು ಅನ್ನಬೇಡಿ. ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯಿದೆ. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವರು ಆರಿಸಿದ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಸತ್ತಿದ್ದವು. ಅಂದರೆ ಸ್ಮಾರ್ಟ್ 'ಹೋಗುತ್ತೇನೆ' ಅಂದರೆ ನಂಬಿ. 'ಚೆನ್ನಾಗಿದ್ದೇನೆ' ಅಂದರೆ ಅಷ್ಟಾಗಿ ನಂಬಬೇಡಿ.

ಹಾಗಂತ ಎಲ್ಲ ತೊಂದರೆಯೂ ಡಿಸ್ಕಿನದ್ದಲ್ಲ. ಸಂಖ್ಯೆ 199 ಒಂದೇ ಏರುತ್ತಿದ್ದು ಉಳಿದವು ಸೊನ್ನೆಯಿದ್ದರೆ, ಬಹುಮಟ್ಟಿಗೆ ಕೇಬಲ್ಲಿನ ತಪ್ಪು. ಅಗ್ಗದ ಕೇಬಲ್ ಬದಲಾಯಿಸಿದರೆ ಮುಗಿಯಿತು. ಪವರ್ ಸಪ್ಲೈ ಸೊರಗಿದ್ದರೂ ಡಿಸ್ಕು ಸರಿಯಾಗಿ ತಿರುಗದೆ ಕಟಕಟ ಅನ್ನುವುದುಂಟು. ಫ್ಯಾನಿಗೆ ವೈರು ತಾಗಿ ಸದ್ದು ಬರುವುದೂ ಉಂಟು. ಆದರೆ ಇವನ್ನೆಲ್ಲ ಪರೀಕ್ಷಿಸುವ ಮೊದಲೂ ಆಫ್ ಮಾಡುವುದು ಆಫ್ ಮಾಡುವುದೇ.

ಮಾಡಬಾರದ್ದರ ಪಟ್ಟಿಯೂ ಇದೆ. ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲುಗಳ ವ್ಯವಸ್ಥೆಯನ್ನು ರಿಪೇರಿ ಮಾಡುವ ಪ್ರೋಗ್ರಾಂ, ಇಡೀ ತಟ್ಟೆಯನ್ನು ಕೆರೆದು, ಅದರ ಮೇಲೆ ಬರೆಯುತ್ತಲೂ ಹೋಗುತ್ತದೆ. ಗಟ್ಟಿ ಡಿಸ್ಕಿಗೆ ಅದು ಔಷಧಿ, ಸಾಯುವ ಡಿಸ್ಕಿಗೆ ಕೊನೇ ಪೆಟ್ಟು. ಡಿಫ್ರಾಗ್ ಬೇಡ, ಆಂಟಿವೈರಸ್ ಸ್ಕ್ಯಾನ್ ಬೇಡ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಅಂತ ಒಂದು ಮನೆಮದ್ದು ಪ್ರಚಾರದಲ್ಲಿದೆ. ಹೊರಗೆ ತೆಗೆದ ತಕ್ಷಣ ತಂಬಿಗೆಯ ಮೈಮೇಲೆ ನೀರು ಕೂರುವ ಹಾಗೆ ತಟ್ಟೆಯ ಮೇಲೂ ಕೂರುತ್ತದೆ, ಆಮೇಲೆ ದೇವರೇ ಗತಿ. ಮುಚ್ಚಳ ಬಿಚ್ಚಿ ನೋಡುವುದೂ ಬೇಡ. ಹೆಡ್ಡಿನ ಕೆಳಗಿನ ಕೆಲವು ನ್ಯಾನೋಮೀಟರ್ ಸಂದಿಗೆ ನಮ್ಮ ಮನೆಯ ಒಂದು ಧೂಳಿನ ಕಣ ಬಂಡೆಗಲ್ಲಿದ್ದ ಹಾಗೆ. ಕೆಳಗಿನ ಹಸಿರು ಬೋರ್ಡನ್ನು ಅದೇ ಮಾಡೆಲ್ಲಿನ ಬೇರೆ ಡಿಸ್ಕಿನಿಂದ ತಂದು ಹಾಕಿದರೆ ಆಯಿತು ಅನ್ನುವವರಿದ್ದಾರೆ. ಈಗಿನ ಡಿಸ್ಕುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಹೊಂದಾಣಿಕೆಯ ಮಾಹಿತಿ ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ಅದನ್ನೂ ವರ್ಗಾಯಿಸದೆ ಬೋರ್ಡು ಬದಲಾಯಿಸಿ ಪ್ರಯೋಜನವಿಲ್ಲ.

ಇನ್ನು, ನಿಲ್ಲದೆ ಕಟಕಟ ಅನ್ನುವ, ಕಂಪ್ಯೂಟರಿಗೆ ಕಾಣಿಸಿಕೊಳ್ಳದೇ ಇರುವ ಡಿಸ್ಕಾದರೆ ಮನೆಯಲ್ಲಿ ಏನೂ ಮಾಡಬಾರದು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಹೆಡ್ಡು ಬದಲಾಯಿಸಬಲ್ಲ ಡೇಟಾ ರಿಕವರಿಯವರ ಹತ್ತಿರವೇ ಹೋಗಬೇಕು. ದುಬಾರಿ, ಆದರೆ ಬೇರೆ ದಾರಿಯಿಲ್ಲ. ಅಪ್ಪನ ಡಿಸ್ಕು ಆ ಹಂತಕ್ಕೆ ಹೋಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಲೊಚಗುಟ್ಟಿ ಮತ್ತೆ ಸುಮ್ಮನಾಗುತ್ತಿತ್ತು. ಮನೆಯಲ್ಲೇ ಕೈಹಾಕಲು ಧೈರ್ಯ ಬಂದದ್ದು ಅದಕ್ಕೆ.

ರಾತ್ರಿ ಬಸ್ಸು ಹತ್ತಿದಾಗ ಚೀಲದಲ್ಲಿ ಒಂದು ಹೊಸ 1 ಟಿಬಿ ಡಿಸ್ಕು, ಹಳೇ ಡಿಸ್ಕನ್ನು ಯುಎಸ್‌ಬಿಗೆ ಸಿಕ್ಕಿಸುವ ಡಾಕು, ಲಿನಕ್ಸ್ ಇರುವ ಪೆನ್ ಡ್ರೈವು ಇತ್ತು. ಲಿನಕ್ಸ್ ಯಾಕೆಂದರೆ, ವಿಂಡೋಸು ಡಿಸ್ಕು ಕಂಡ ಕೂಡಲೇ ಕೇಳದೆಯೇ ಅದನ್ನು ತೆರೆದು ಏನಾದರೂ ಬರೆಯಲು ಹೊರಡುತ್ತದೆ. ಸಾಧಾರಣ ಕಾಪಿ-ಪೇಸ್ಟ್ ಮಾಡುವುದೂ ಬೇಡ. ಕೆಟ್ಟ ಜಾಗ ಸಿಕ್ಕಿತೋ, ಅಲ್ಲೇ ಹಠ ಹಿಡಿದು ಮತ್ತೆ ಮತ್ತೆ ಓದಿಸುತ್ತದೆ, ಉಳಿದ ಒಳ್ಳೆಯ ಜಾಗದ ಸರದಿ ಬರುವ ಮೊದಲೇ ಡಿಸ್ಕು ಸಾಯಬಹುದು.

ಇದಕ್ಕೆ ಇರುವುದು ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ. ಅದರ ಬುದ್ಧಿ ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಅಂಗಳದಲ್ಲಿ ಅಡಿಕೆ ಹರವಿದೆ, ಇದ್ದಕ್ಕಿದ್ದಂತೆ ಮಳೆ ಬಂತು. ಏನು ಮಾಡುತ್ತೇವೆ? ಮೂಲೆಯ ಕಲ್ಲಿನ ಸಂದಿಗೆ ಬಿದ್ದ ಒಂದು ಅಡಿಕೆ ಹೆಕ್ಕುತ್ತಾ ಕೂರುತ್ತೇವಾ? ಇಲ್ಲ. ರಾಶಿಯನ್ನು ಮೊದಲು ಬಾಚಿ ಒಳಗೆ ಹಾಕುತ್ತೇವೆ, ಆಮೇಲೆ ಅಂಚಿನದ್ದು, ಮಳೆ ಇನ್ನೂ ಬಿಟ್ಟುಕೊಟ್ಟರೆ ಸಂದಿಯದ್ದು. ಡಿಡಿರೆಸ್ಕ್ಯೂ ಅದನ್ನೇ ಮಾಡುತ್ತದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸುತ್ತದೆ, ತಕರಾರು ಮಾಡುವ ಜಾಗ ಬಂದರೆ ಹಾರಿಕೊಂಡು ಮುಂದೆ ಹೋಗುತ್ತದೆ. ಎಲ್ಲಿ ಬಿಟ್ಟೆ ಅಂತ ಮ್ಯಾಪ್ ಫೈಲ್ ಎಂಬ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲಿನ ಸುತ್ತುಗಳಲ್ಲಿ ಆ ಚೀಟಿ ಹಿಡಿದು ಬಿಟ್ಟ ಜಾಗಗಳಿಗೆ ವಾಪಸು ಬರುತ್ತದೆ.

500 ಜಿಬಿ ಡಿಸ್ಕು ಆರೋಗ್ಯವಾಗಿದ್ದರೆ ಒಂದೂವರೆ ಎರಡು ಗಂಟೆಯ ಕೆಲಸ. ಇದು ಶನಿವಾರ ಮಧ್ಯಾಹ್ನ ಶುರುವಾಗಿ ರಾತ್ರಿಯಾದರೂ ಮುಗಿಯಲಿಲ್ಲ. ಹೊರಗೆ ಧೋ ಅಂತ ಮಳೆ. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು, ಐಸಿಯು ಹೊರಗೆ ಕೂತವರ ಹಾಗೆ, "ಈಗ ಎಷ್ಟು ಬಂತು?" ಅಂತ ಕೇಳುತ್ತಿದ್ದರು. ಎರಡು ಗಂಟೆ ರಾತ್ರಿಗೆ ಕರೆಂಟು ಹೋಯಿತು. ಯುಪಿಎಸ್ ಕುಯ್ಯೋ ಅನ್ನಲು ಶುರು ಮಾಡುತ್ತಿದ್ದಂತೆ ಪ್ರೋಗ್ರಾಂ ನಿಲ್ಲಿಸಿ ಡಾಕಿನ ಸ್ವಿಚ್ ಆರಿಸಿದೆ. ಅಪ್ಪನ ಮುಖ ನೋಡಲಾಗಲಿಲ್ಲ. "ಮೊದಲಿಂದ ಮಾಡಕ್ಕಾ?" ಅಂದರು. ಬೇಡ, ಚೀಟಿ ಇದೆ ಅಂದೆ. ಬೆಳಗ್ಗೆ ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಭಾನುವಾರ ಸಂಜೆಗೆ ಮುಗಿದಾಗ ಇಡೀ ಡಿಸ್ಕಿನಲ್ಲಿ ಬಾರದೆ ಉಳಿದದ್ದು 1 ಎಂಬಿಗಿಂತ ಕಡಿಮೆ. ಅಷ್ಟಾದ ಮೇಲೆಯೇ ಸ್ಮಾರ್ಟ್ ಪಟ್ಟಿ ತೆಗೆದು ನೋಡಿದ್ದು. 5, 197, 198 ಮೂರೂ ಸೊನ್ನೆಯಿಂದ ಬಹಳ ದೂರ ಹೋಗಿದ್ದವು.

ಆದರೆ ಆ ಚೂರು ಎಲ್ಲಿಯದು ಅನ್ನುವುದೇ ಪ್ರಶ್ನೆ. ನಕಲನ್ನು ತೆರೆದು ನೋಡಿದರೆ ಬಹುಪಾಲು ವಿಂಡೋಸಿನ ಯಾವುದೋ ಫೈಲುಗಳ ಮೇಲೆ ಬಿದ್ದಿತ್ತು, ಹೋದರೆ ಹೋಗಲಿ. ಆದರೆ ಅಪ್ಪನ 'ಕ' ಫೈಲು ತೆರೆಯಲಿಲ್ಲ. ಅದರ ಒಳಗಿನ ಅಕ್ಷರಗಳನ್ನಷ್ಟೇ ಕಚ್ಚಾ ರೂಪದಲ್ಲಿ ಹೊರತೆಗೆದೆ. ಕನ್ನಡದಲ್ಲಿ 'ಕೊನೆ' ಅಂತ ಹುಡುಕಿದರೆ ಒಂದೂ ಸಿಗಲಿಲ್ಲ! ಅಪ್ಪ ಗಾಬರಿಯಾದರು. ಯೂನಿಕೋಡ್ ಯಾಕೆ ಬೇಕು ಅಂತ ಬ್ಲಾಗು ಬರೆಯುವ ನಮಗೆ ಹೇಳಿಕೊಡಬೇಕಿಲ್ಲ. ನುಡಿಯ ಹಳೇ ಫಾಂಟುಗಳಲ್ಲಿ ಬರೆದದ್ದು ನಮ್ಮ ಕಣ್ಣಿಗಷ್ಟೇ ಕನ್ನಡ, ಕಂಪ್ಯೂಟರಿಗಲ್ಲ. ನಾವು 'ಅ' ಅಂತ ನೋಡುವುದು ಅದಕ್ಕೆ ಇಂಗ್ಲಿಷಿನ ದೊಡ್ಡಕ್ಷರ 'ಸಿ'. ಇಡೀ ಫೈಲು ಇಂಗ್ಲಿಷ್ ಅಕ್ಷರಗಳ ಕಸದ ರಾಶಿಯ ಹಾಗೆ ಕಾಣುತ್ತಿತ್ತು. ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದ ಮೇಲೆ ಸಾಲು ಸಾಲಾಗಿ ಶಬ್ದಗಳು ಎದ್ದು ಬಂದವು. ನಡುವೆ ಒಂದು ಕಡೆ ಮಾತ್ರ ಖಾಲಿ. ಒಂದು ಸೆಕ್ಟರು, 4096 ಬೈಟು. ಅಪ್ಪನ ಬರಹದಲ್ಲಿ ಸುಮಾರು ಎರಡು ಪುಟ.

2021ರ ಪೆನ್ ಡ್ರೈವಿನ ಪ್ರತಿ ಇಟ್ಟು ಹೋಲಿಸಿದಾಗ ಆ ಎರಡು ಪುಟದಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಉಳಿದ ಕಾಲು ಭಾಗ ಕೊನೆಗಾರರು ಹೇಳಿದ್ದು, ಆಮೇಲೆ ಸೇರಿಸಿದ್ದು. ಅಪ್ಪ ಒಂದು ಹಾಳೆ ಪೆನ್ನು ತೆಗೆದುಕೊಂಡು ಜಗಲಿಯಲ್ಲಿ ಕೂತು, ನೆನಪಾದಷ್ಟನ್ನು ಬರೆದರು. ಹನ್ನೊಂದು ಶಬ್ದ ಬಂದವು. "ಇನ್ನೂ ಮೂರೋ ನಾಲ್ಕೋ ಇತ್ತು. ಒಂದು ಗಂಟಿನ ಹೆಸರು... ನಾಲಗೆ ಮೇಲೇ ಇದ್ದು, ಬತ್ತಿಲ್ಲೆ" ಅಂದರು. ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಬಿಟ್ಟಿದ್ದಾರೆ. ಅದು ಈಗಲೂ ಹಾಗೆಯೇ ಇದೆ.

ಈಗ ಆ ಪಟ್ಟಿಯ ಮೂರು ಪ್ರತಿ ಇವೆ. ಒಂದು ಅಪ್ಪನ ಕಂಪ್ಯೂಟರಿನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಒಂದು ಮೈಸೂರಿನ ಅಕ್ಕನ ಮನೆಯಲ್ಲಿ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇದೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಎಸ್‌ಎಸ್‌ಡಿ ಇರುವವರು ನಮಗೇನು ಅನ್ನಬೇಡಿ. ಅದು ಸಾಯುವಾಗ ಲೊಚಗುಟ್ಟುವುದೂ ಇಲ್ಲ. ಎಷ್ಟೋ ಸಲ ರಾತ್ರಿ ಆಫ್ ಮಾಡಿದ್ದು ಬೆಳಗ್ಗೆ ಏಳುವುದೇ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಕೈಕಾಲು ತೊಳೆದು ಊಟ ಮಾಡಿ, ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಯ ಹಳೇ ಕಂಪ್ಯೂಟರಿನ 5, 197, 198 ನೋಡಿ. ಅದಕ್ಕೂ ಮೊದಲು ಮನೆಯವರನ್ನು ಒಂದು ಮಾತು ಕೇಳಿ: "ಇದರಲ್ಲಿರೋದು ಬೇರೆ ಎಲ್ಲೂ ಇಲ್ಲದ್ದು ಯಾವುದು?" ಅಂತ. ಉತ್ತರ ಬಂದ ಕೂಡಲೇ ಅದನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಿ. ನಂಬರ್ ಆಮೇಲೆ ನೋಡಿದರಾಯಿತು.